ಎಲ್ಲಿಂದ ಎಣಿಸುವುದು

ಕಿಟಕಿಯಾಚೆಯ ಹುಡುಗ ಮೂರು ಕಾಗದ ಸಾಲಾಗಿ ಹರಡಿ
ಇದರಲ್ಲಿ ನೀವು ಯಾರು ಅಂತ ಕೇಳಿದ.
ಪಾಸ್‌ಪೋರ್ಟಿನಲ್ಲಿ ಟೊಕ್ಟೊಸುನ್. ಲೈಸೆನ್ಸಿನಲ್ಲಿ ಒಂದು ಎಸ್ ಹೆಚ್ಚು.
ವೈದ್ಯರ ಚೀಟಿಯಲ್ಲಿ ನನ್ನ ಜಾಗದಲ್ಲಿ ಅಪ್ಪ ಕೂತಿದ್ದಾನೆ.
ಮೂವರೂ ನಾನೇ ಅಂದೆ. ಅವನಿಗೆ ನಗು ಬರಲಿಲ್ಲ.
ಬಿಶ್ಕೆಕ್‌ನಿಂದ ಪತ್ರ ಬರಲಿ, ಅಂದ, ಮೊಹರಿನೊಂದಿಗೆ.

ಹೆಸರಿನ ಅರ್ಥ ಕೇಳಿದ್ದರೆ ಹೇಳುತ್ತಿದ್ದೆ:
ನನಗಿಂತ ಮುಂಚೆ ಹುಟ್ಟಿದ ಇಬ್ಬರು ತೊಟ್ಟಿಲು ದಾಟಲಿಲ್ಲ,
ಇವನಾದರೂ ನಿಲ್ಲಲಿ ಅಂತ ಅಜ್ಜಿ ಇಟ್ಟದ್ದು.
ನಿಲ್ಲಲಿ. ಅಷ್ಟೇ ಅರ್ಥ.
ನಿಂತೆನೆ?
ಇಪ್ಪತ್ತೆಂಟು ವರ್ಷ ನಾರಿನ್ ಕಣಿವೆಯ ಮೇಲೆ
ಜೋಡಿ ರೆಕ್ಕೆಯ ಹಳೇ ಅನ್ತೋನೊವ್‌ನಲ್ಲಿ
ಹಿಟ್ಟಿನ ಮೂಟೆ, ಟಪಾಲು, ಕುರಿಗಳ ಚುಚ್ಚುಮದ್ದು,
ಒಮ್ಮೆ ಕುರಿಗಳೇ.
ಲಾಗ್ ಪುಸ್ತಕದ ಮೂಲೆ ತಿಂದದ್ದು ಅವುಗಳಲ್ಲೊಂದು,
ಇಲ್ಲಿಯವರು ಇಲಿ ಅಂದುಕೊಂಡರು, ನಾನೂ ತಿದ್ದಲಿಲ್ಲ.

ಪತ್ರಕ್ಕೆ ಏಳು ತಿಂಗಳು.
ಒಂಬತ್ತು ಸಾವಿರದ ನೂರ ಹನ್ನೆರಡು ಗಂಟೆಗೆ ಸಾಕ್ಷಿ ಬೇಕಂತೆ.
ಸಹಿ ಹಾಕಿದವರಲ್ಲಿ ಒಬ್ಬ ಮಣ್ಣಾದ, ಒಬ್ಬ ಓಶ್‌ನಲ್ಲಿ ಟೈರು ಮಾರುತ್ತಾನೆ,
ಆ ರನ್‌ವೇಯಲ್ಲಿ ಈಗ ಯಾರದೋ ಕುದುರೆಗಳು ಮೇಯುತ್ತವೆ.
ಫೋನು ಮಾಡಿ ನೋಡಿ,
ಎತ್ತಿದರೆ ಕುದುರೆಯೇ ಎತ್ತಬೇಕು.

ಅಷ್ಟರವರೆಗೆ ಮೂಸ್ ಜಾದಲ್ಲಿ ರಾತ್ರಿ ಪಾಳಿ, ಲಾರಿ ತೊಳೆಯುವುದು,
ಕೈಯಲ್ಲಿ ನೀರಿನ ಪೈಪು, ಬಾಯಲ್ಲಿ ಮಗ್ಗಿ:
ಏಳುನೂರ ಅರವತ್ತು ಮಿಲಿಮೀಟರ್ ಪಾದರಸವೆಂದರೆ
ಇಪ್ಪತ್ತೊಂಬತ್ತು ಅಂಗುಲ, ಮೇಲೆ ಚಿಲ್ಲರೆ ತೊಂಬತ್ತೆರಡು.
ಸಾವಿರ ಮೀಟರಿಗೆ ಮೂರು ಸಾವಿರದ ಇನ್ನೂರ ಎಂಬತ್ತೊಂದು ಅಡಿ.
ಗಾಳಿ ಅದೇ. ತೂಕದ ಕಲ್ಲು ಬೇರೆ.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ:
ರೆಕ್ಕೆಗೆ ಹಿಮ ಕಟ್ಟುತ್ತಿರುವ ಲಕ್ಷಣ ಯಾವುದು, ನಾಲ್ಕರಲ್ಲಿ ಒಂದನ್ನು ಆರಿಸಿ.
ನಾನು ಕಂಡದ್ದು ಐದನೆಯದು.
ರೆಕ್ಕೆಗಳ ನಡುವಿನ ತಂತಿಗಳ ದನಿ ದಪ್ಪವಾಗುತ್ತದೆ,
ನೆಗಡಿಯಾದವರ ಹಾಗೆ.
ಎರಡನೆಯದಕ್ಕೆ ಗುರುತು ಹಾಕಿದೆ. ಅದೇ ಸರಿಯಂತೆ.

ಬ್ರೆನ್ನಾಗೆ ಇಪ್ಪತ್ತನಾಲ್ಕು. ನನ್ನ ಗುರು.
ಅವಳು ಹಾರಿದ ಒಟ್ಟು ಗಂಟೆ
ನಾನು ಮೋಡ ಸರಿಯಲಿ ಅಂತ ಕಾದು ಕೂತ ಗಂಟೆಗಿಂತ ಕಡಿಮೆ.
ಹೊರಗೆ ಕಾಣದಂತೆ ನನ್ನ ಹಣೆಗೆ ಮರೆ ಕಟ್ಟಿ
ಮುಳ್ಳುಗಳನ್ನಷ್ಟೇ ನಂಬಿ ಅಂದಳು.
ನಾನು ಕಲಿತ ಗಾಜಿನೊಳಗೆ ದಿಗಂತ ಗೋಡೆಯ ಹಾಗೆ, ಕದಲದು,
ಪುಟ್ಟ ವಿಮಾನ ವಾಲುತ್ತದೆ.
ಇಲ್ಲಿ ವಿಮಾನ ಕದಲದು. ಲೋಕವೇ ವಾಲುತ್ತದೆ.
ಯಾರು ವಾಲಿದ್ದು ಅಂತ ತಿಳಿಯದೆ
ನೆಟ್ಟಗಾಗಲು ಹೋಗಿ ಇನ್ನಷ್ಟು ವಾಲಿದೆ.
ಬೈಯಲಿಲ್ಲ. ಎರಡೇ ಬೆರಳಲ್ಲಿ ಸರಿಮಾಡಿದಳು,
ಮಗುವಿನ ಟೊಪ್ಪಿ ಸರಿಮಾಡುವ ಹಾಗೆ.
ಐವತ್ತೊಂದು ವರ್ಷದ ಮಗು.

ಇಳಿದೆವು. ಎಂಜಿನ್ ಆರಿತು.
ಎತ್ತರದ ಮುಳ್ಳು ಮಾತ್ರ ಇನ್ನೂ ಸಾವಿರದ ಒಂಬೈನೂರು ಅಡಿ ಮೇಲೆಯೇ.
ನಮ್ಮಲ್ಲಿ ಇಳಿಯುವ ಮುನ್ನ
ಆ ಊರಿನ ನೆಲವನ್ನೇ ಸೊನ್ನೆ ಮಾಡಿಕೊಳ್ಳುತ್ತಿದ್ದೆವು,
ಚಕ್ರ ತಾಗಿದಾಗ ಮುಳ್ಳು
ಹೊಸಿಲಲ್ಲಿ ನಾಯಿ ಮಲಗಿದ ಹಾಗೆ ಸೊನ್ನೆಯಲ್ಲಿ ಮಲಗುತ್ತಿತ್ತು.
ಬಂದೆ ಅನ್ನುವುದಕ್ಕೆ ಅದೇ ಗುರುತು.
ಇದು ಎಲ್ಲಿಂದ ಎಣಿಸುತ್ತದೆ ಅಂದೆ, ಗೊತ್ತಿದ್ದೂ.
ಸಮುದ್ರದಿಂದ.
ನೋಡಿದ್ದೀಯಾ?
ಇಲ್ಲ, ಅಂದಳು. ನೀವು?
ಇಬ್ಬರೂ ಗೋಧಿಯ ಕಡೆ ನೋಡಿದೆವು. ಕೊಯ್ಲಿಗೆ ಇನ್ನೂ ವಾರವಿತ್ತು.

ನೆಲ ಸ್ವಲ್ಪ ಇಳಿಜಾರು. ವಿಮಾನ ಗೇಣುದ್ದ ಹಿಂದೆ ಸರಿಯಿತು.
ಟೊಕ್ಟೊಸುನ್! ಬಾಯಿಗೆ ಬಂದದ್ದು ನಮ್ಮ ಭಾಷೆಯೇ.
ಮರದ ತುಂಡನ್ನು ಕಾಲಿಂದ ಚಕ್ರದಡಿ ತಳ್ಳಿದೆ.
ರೆಕ್ಕೆಯ ನೆರಳಲ್ಲಿ ಪುಸ್ತಕ ತೆರೆದು ಕೂತ ಬ್ರೆನ್ನಾ,
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡೇ,
ಕೇಳಿಸಿತು, ಬರೀತಾ ಇದ್ದೀನಿ, ಅಂದಳು.
ಒಂದೇ ಎಸ್ ತಾನೆ?